ಕೈಕಂಬದ ತನಕ

ಕಳೆದ ಜುಲೈಯಲ್ಲಿ, ಮಳೆ ಒಂದು ಗಳಿಗೆ ಹೊಳವಾದದ್ದು ನೋಡಿ, ಮೊಮ್ಮಗಳನ್ನು ಕರೆದುಕೊಂಡು ಮಂಗಳೂರಿನ ಬಿಕರ್ನಕಟ್ಟೆ ಕೈಕಂಬದಲ್ಲಿ ಬಸ್ಸಿಗೆ ನಿಂತಿದ್ದೆ. ಕುಲಶೇಖರದ ಕಡೆಯಿಂದ ಬಂದ ಬಸ್ಸೊಂದು ಹೊಂಡಕ್ಕೆ ಚಕ್ರ ಇಳಿಸಿ, ಇಬ್ಬರಿಗೂ ಸೊಂಟದ ತನಕ ಕೆಂಪು ನೀರು ಎರಚಿ ಹೋಯಿತು. ನಾನು ಸೀರೆಯ ನೆರಿಗೆ ಹಿಂಡುತ್ತಾ ಡ್ರೈವರನಿಗೆ ಬೈಯುತ್ತಿದ್ದರೆ, ನ್ಯೂಜೆರ್ಸಿಯಿಂದ ರಜೆಗೆ ಬಂದ ಹನ್ನೆರಡು ವರ್ಷದ ಹುಡುಗಿ ತನ್ನ ಬಟ್ಟೆ ನೋಡಿಕೊಂಡು, "ಅಜ್ಜಿ, ಇದು ನನ್ನ ಪುಸ್ತಕದಲ್ಲಿ ಉಂಟು. ಆದ್ರೆ ಅಲ್ಲಿ ಡ್ರೈವರ್ ಬೇಕೂಂತಲೇ ಮಾಡ್ತಾನೆ" ಅಂದಳು.

ಆ ರಾತ್ರಿ ಅವಳ ಬ್ಯಾಗಿನಿಂದ ಆ ಪುಸ್ತಕ ತೆಗೆಸಿ ಓದಲು ಕೂತೆ. ಮಿಲ್ಡ್ರೆಡ್ ಟೇಲರ್ ಎಂಬ ಕರಿಯ ಲೇಖಕಿ 1976ರಲ್ಲಿ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ'. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಕತೆ ನಡೆಯುವುದು 1933ರ ಮಿಸಿಸಿಪಿಯಲ್ಲಿ. ಲೋಗನ್ ಎಂಬ ಕರಿಯರ ಕುಟುಂಬ, ಅವರ ಕೈಯಲ್ಲಿ ನಾನ್ನೂರು ಎಕರೆ ಸ್ವಂತ ಭೂಮಿ, ಅದನ್ನು ಉಳಿಸಿಕೊಳ್ಳುವ ಹೆಣಗಾಟ. ಕತೆ ಹೇಳುವವಳು ಒಂಬತ್ತು ವರ್ಷದ ಕ್ಯಾಸಿ. ಬಿಳಿಯ ಮಕ್ಕಳಿಗೆ ಶಾಲೆಯ ಬಸ್ಸು. ಕರಿಯ ಮಕ್ಕಳಿಗೆ ನಡಿಗೆ. ಬಿಸಿಲಿದ್ದರೆ ಬಸ್ಸು ಅವರ ಮೇಲೆ ಧೂಳು ಹಾರಿಸುತ್ತದೆ, ಮಳೆ ಬಂದರೆ ಕೆಸರು. ಒಳಗೆ ಕೂತ ಮಕ್ಕಳು ಕಿಟಕಿಯಿಂದ ನೋಡಿ ನಗುತ್ತಾರೆ. ಕೊನೆಗೆ ಲೋಗನ್ ಮಕ್ಕಳು ರಸ್ತೆಗೆ ಅಡ್ಡಲಾಗಿ ಹೊಂಡ ತೋಡಿ ಬಸ್ಸನ್ನೇ ಕೆಡವುತ್ತಾರೆ. ಮೊಮ್ಮಗಳಿಗೆ ಆ ಭಾಗವೆಂದರೆ ಪ್ರಾಣ.

ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಜೆರೆಮಿ ಸಿಮ್ಸ್ ಎಂಬ ಬಿಳಿಯ ಹುಡುಗ ದಿನಾ ಬೆಳಿಗ್ಗೆ ತನ್ನವರನ್ನು ಬಿಟ್ಟು ಈ ಕರಿಯ ಮಕ್ಕಳ ಜೊತೆ ಅಡ್ಡದಾರಿ ಬರುವ ತನಕ ನಡೆಯುತ್ತಾನೆ. ಅದಕ್ಕಾಗಿ ಮನೆಯಲ್ಲಿ ಹೊಡೆತ ತಿನ್ನುತ್ತಾನೆ. ಅವನ ಕೈಯಲ್ಲಿ ಬಾಸುಂಡೆ ಕಾಣುತ್ತದೆ. ಕ್ರಿಸ್‌ಮಸ್ಸಿಗೆ ತಾನೇ ಕೆತ್ತಿದ ಮರದ ಕೊಳಲೊಂದನ್ನು ಕ್ಯಾಸಿಯ ಅಣ್ಣ ಸ್ಟೇಸಿಗೆ ತಂದು ಕೊಡುತ್ತಾನೆ. ಅವನು ಹೋದ ಮೇಲೆ ಸ್ಟೇಸಿಯ ಅಪ್ಪ ಮಗನಿಗೆ ಬುದ್ಧಿ ಹೇಳುತ್ತಾನೆ: ಕರಿಯರ ಮತ್ತು ಬಿಳಿಯರ ಸ್ನೇಹಕ್ಕೆ ಹೆಚ್ಚು ಬೆಲೆಯಿಲ್ಲ, ಯಾಕೆಂದರೆ ಅದು ಸಾಮಾನ್ಯವಾಗಿ ಸಮಸಮವಾಗಿ ನಿಂತು ಮಾಡಿದ ಸ್ನೇಹವಲ್ಲ, ಎಂಬ ಅರ್ಥದಲ್ಲಿ. ಮೊದಲ ಓದಿಗೆ ಆ ಅಪ್ಪನ ಮೇಲೆ ನನಗೆ ಸಿಟ್ಟು ಬಂತು. ಪುಸ್ತಕ ಮುಚ್ಚಿ ದೀಪ ಆರಿಸಿದೆ. ನಿದ್ದೆ ಹತ್ತಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಇದೇ ಕೈಕಂಬದ ದಾರಿಯಲ್ಲಿ ನನ್ನ ಜೊತೆ ನಡೆಯುತ್ತಿದ್ದ ಹುಡುಗಿ ಕಣ್ಣೆದುರು ಬಂದು ನಿಂತಳು. ಅವಳ ಅಪ್ಪನೂ ಮಗಳಿಗೆ ಇದೇ ಮಾತು ಹೇಳಿದ್ದಿರಬಹುದೇ?

ಅವಳ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಲು ಅವಳಿಲ್ಲ. ಕೊರಗರ ಹುಡುಗಿ; ಊರು ಮುಟ್ಟಿಸಿಕೊಳ್ಳದೆ ದೂರವಿಟ್ಟ ಜನ ಅವರು. 1966ರಲ್ಲಿ ನಾವಿಬ್ಬರೂ ಮೂರನೇ ಕ್ಲಾಸು. ಆಗಿನ ಬಿಕರ್ನಕಟ್ಟೆಯೆಂದರೆ ತಗ್ಗಿನಲ್ಲಿ ಗದ್ದೆ, ಏರಿನಲ್ಲಿ ತೆಂಗು, ಗುಡ್ಡದ ಮೇಲೆ ಗೇರು. ನಾಲ್ಕು ದಿಕ್ಕಿಗೆ ದಾರಿ ತೋರಿಸುವ ಕಂಬ ನಿಂತ ಜಾಗಕ್ಕೆ ನಮ್ಮ ಜಿಲ್ಲೆಯಲ್ಲಿ ಕೈಕಂಬ ಅನ್ನುತ್ತಾರೆ. ನಮ್ಮ ಮನೆ ಇದ್ದದ್ದು ಅಲ್ಲಿಂದ ಒಳಗೆ; ಅವರ ಗುಡಿಸಲುಗಳು ಇನ್ನೂ ಒಳಗೆ, ಗುಡ್ಡದ ಬುಡದಲ್ಲಿ. ಅವಳ ಅಮ್ಮ ಕಾಡಿನಿಂದ ಬೂರು, ಅಂದರೆ ಬಳ್ಳಿ, ತಂದು ಕುರುವೆ ಹೆಣೆಯುತ್ತಿದ್ದರು. ಗೊಬ್ಬರ ಹೊರಲು, ಅಕ್ಕಿ ತೊಳೆಯಲು, ಕೋಳಿ ಮುಚ್ಚಲು ನಮ್ಮೆಲ್ಲರ ಮನೆಗೂ ಅವರ ಕೈಯ ಬುಟ್ಟಿಯೇ ಆಗಬೇಕು. ಬುಟ್ಟಿ ಮನೆಯೊಳಗೆ ಬರುತ್ತಿತ್ತು, ನೀರು ಚಿಮುಕಿಸಿದ ಮೇಲೆ. ಹೆಣೆದವರು ದಣಪೆಯ ಆಚೆಯೇ.

ಶಾಲೆಯಿಂದ ನಾವು ಒಟ್ಟಿಗೆ ಬರುತ್ತಿದ್ದೆವು. ಅವಳಿಗೆ ಹಕ್ಕಿಗಳ ಕೂಗು ಗೊತ್ತಿತ್ತು. ಯಾವ ಹಣ್ಣು ತಿನ್ನಬಹುದು, ಯಾವುದು ಬೇಡ ಎಂದು ಗೊತ್ತಿತ್ತು. ಗಣಿತದಲ್ಲಿ ನನಗಿಂತ ಚುರುಕು. ರಸ್ತೆಯ ತುಂಬ ಮಾತು. ಆದರೆ ನಮ್ಮ ದಣಪೆ ಕಾಣುವ ತಿರುವು ಬಂದ ಕೂಡಲೇ ಅವಳ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಹತ್ತು ಹೆಜ್ಜೆ ಹಿಂದೆ ಉಳಿಯುತ್ತಿದ್ದಳು. ತಿರುವಿನ ಆಚೆ ನನ್ನ ಹೆಸರು ಹಿಡಿದು ಕೂಗುತ್ತಿದ್ದವಳು, ತಿರುವಿನ ಈಚೆ "ಅಮ್ಮಾ, ನಾಳೆ ಬರ್ತೇನೆ" ಅನ್ನುತ್ತಿದ್ದಳು. ಎಂಟು ವರ್ಷದ ನಾನು ಅವಳಿಗೆ ಅಮ್ಮ. ಅಜ್ಜಿ ಜಗಲಿಯಲ್ಲಿ ಕೂತು ಕೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ನನಗೆ ಅದೊಂದು ಆಟದಂತೆ ಕಂಡಿತ್ತು. ಅವಳಿಗೆ ಹಾಗೆ ಕಂಡಿರಲಾರದು. ಪುಸ್ತಕದಲ್ಲಿ ಕ್ಯಾಸಿ ತನಗಿಂತ ಸ್ವಲ್ಪವೇ ದೊಡ್ಡವಳಾದ ಬಿಳಿಯ ಹುಡುಗಿಗೆ, ಜೆರೆಮಿಯ ಅಕ್ಕನಿಗೆ, ನಡುಬೀದಿಯಲ್ಲಿ ಗೌರವದ ಹೆಸರು ಸೇರಿಸಿ ಕ್ಷಮೆ ಕೇಳಬೇಕಾಗುತ್ತದೆ. ಆ ಪುಟ ಓದುವಾಗ ನನಗೆ ನಮ್ಮ ತಿರುವು ಕಂಡಿತು. ಅಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಮಧ್ಯಾಹ್ನ ಶಾಲೆಯಲ್ಲಿ ಸಜ್ಜಿಗೆ ಕೊಡುತ್ತಿದ್ದರು. ಅಮೆರಿಕದಿಂದ ಬಂದ ಗೋಧಿ ನುಚ್ಚು, ಅಲ್ಲಿಯದೇ ಹಾಲಿನ ಹುಡಿ. ಗೋಣಿಚೀಲದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡ ಚಿತ್ರ ಅಚ್ಚಾಗಿತ್ತು. ನನ್ನ ವಯಸ್ಸಿನವರಿಗೆ ಆ ಚಿತ್ರ ಮರೆಯುವಂಥದಲ್ಲ. ನಾವೆಲ್ಲ ಸಾಲಾಗಿ ಕೂರುತ್ತಿದ್ದೆವು. ಅವಳು ಮತ್ತು ಅವಳ ತಮ್ಮ ಸಾಲಿನ ಕೊನೆಯಲ್ಲಿ, ಒಂದು ಆಳು ಜಾಗ ಬಿಟ್ಟು. ಬಡಿಸುವವರು ಅಲ್ಲಿಗೆ ಬಂದಾಗ ಬಗ್ಗುತ್ತಿರಲಿಲ್ಲ. ಸೌಟನ್ನು ಮೇಲಿನಿಂದಲೇ ಕೊಡವುತ್ತಿದ್ದರು. ಸಜ್ಜಿಗೆ ಎಲೆಯ ಮೇಲೆ ಬೀಳುವ ಆ ಸದ್ದು, ತಪ್ ಅಂತ, ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರೂ ಹಾಗೆ ಮಾಡಿ ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ, ಮಾಡಬೇಡಿ ಎಂದೂ ಹೇಳಿದ್ದಿಲ್ಲ.

ಶಾಲೆಯ ಪುಸ್ತಕದ ವಿಷಯವನ್ನೂ ಹೇಳಬೇಕು. ಟೇಲರ್ ಅವರ ಕಾದಂಬರಿಯಲ್ಲಿ ಕರಿಯ ಮಕ್ಕಳಿಗೆ ಪಾಠಪುಸ್ತಕ ಸಿಗುವುದು ಹನ್ನೊಂದು ವರ್ಷ ಬಿಳಿಯ ಮಕ್ಕಳು ಬಳಸಿ, ತೀರಾ ಹಾಳಾಯಿತು ಎಂದು ಬರೆದ ಮೇಲೆ. ಅದನ್ನು ಒಳಪುಟದಲ್ಲಿ ಓದಿಕೊಂಡ ಕ್ಯಾಸಿಯ ಆರು ವರ್ಷದ ತಮ್ಮ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ. ನನಗೆ ಪ್ರತಿ ಜೂನ್‌ನಲ್ಲಿ ಹೊಸ ಪುಸ್ತಕ. ನನ್ನ ಅಣ್ಣನ ಹಳೆಯದನ್ನು, ರಟ್ಟು ಕಿತ್ತದ್ದನ್ನು, ಅಮ್ಮ ನನ್ನ ಕೈಯಲ್ಲಿ ಅವಳಿಗೆ ಕಳಿಸುತ್ತಿದ್ದರು. ಅಮ್ಮನದು ಒಳ್ಳೆಯ ಮನಸ್ಸೇ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೊತ್ತಿಕೊಂಡಾಗ ನನಗೆ ದೊಡ್ಡ ಉಪಕಾರ ಮಾಡಿದ ಹೆಮ್ಮೆ. ಅಣ್ಣ ಅದರ ಒಳಪುಟದಲ್ಲಿ ತನ್ನ ಹೆಸರು ದೊಡ್ಡದಾಗಿ ಬರೆದಿಟ್ಟಿದ್ದ. ಅವಳು ಅದನ್ನು ಹೊಡೆದುಹಾಕಲಿಲ್ಲ. ಕೆಳಗೆ, ಮೂಲೆಯಲ್ಲಿ, ಸಣ್ಣದಾಗಿ ತನ್ನ ಹೆಸರು ಬರೆದುಕೊಂಡಿದ್ದಳು.

ನಾಲ್ಕನೇ ಕ್ಲಾಸಿನಲ್ಲಿ ಅವಳು ನನಗೊಂದು ಕುರುವೆ ತಂದುಕೊಟ್ಟಳು. ತಾನೇ ಹೆಣೆದದ್ದು, ಮೊದಲ ಬಾರಿ. ಅಂಗೈಯಲ್ಲಿ ಕೂರುವಷ್ಟು ಸಣ್ಣದು. ಬೂರನ್ನು ಸೀಳಿ ಸೀಳಿ ನೂಲಿನಷ್ಟು ತೆಳು ಮಾಡಿದ್ದಳು. ಬಾಯಂಚಿನಲ್ಲಿ ಒಂದು ಕಡೆ ಬಿಗಿ ಹೆಚ್ಚಾಗಿ ಸ್ವಲ್ಪ ಸೊಟ್ಟಗಾಗಿತ್ತು. "ಪೆನ್ಸಿಲ್ ಹಾಕ್ಲಿಕ್ಕೆ" ಅಂದಳು. ಮನೆಗೆ ತಂದೆ. ಅಜ್ಜಿ ನೋಡಿ ಏನೂ ಬೈಯಲಿಲ್ಲ. "ಬಚ್ಚಲಿನ ಹತ್ತಿರ ಇಡು" ಅಂದರು ಅಷ್ಟೆ. ಇಟ್ಟೆ. ಮಳೆಗಾಲದಲ್ಲಿ ಯಾರೋ ಬಚ್ಚಲ ಒಲೆಗೆ ಬೆಂಕಿ ಹತ್ತಿಸಲು ಅದನ್ನೇ ಮೊದಲು ಹಾಕಿದರು. ಒಣಗಿದ ಬೂರು ಚೆನ್ನಾಗಿ ಉರಿಯುತ್ತದೆ. ಸ್ಟೇಸಿ ಅಪ್ಪನ ಬುದ್ಧಿಮಾತು ಕೇಳಿದ ಮೇಲೂ ಜೆರೆಮಿಯ ಕೊಳಲನ್ನು ತನಗೆ ಬೇಕಾದ ವಸ್ತುಗಳಿರುವ ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾನೆ. ನನಗೆ ಯಾರೂ ಎಸೆ ಎಂದು ಹೇಳಿರಲಿಲ್ಲ.

ಮುಗಿದದ್ದು 1968ರ ಮೇ ತಿಂಗಳಲ್ಲಿ, ಚಿಕ್ಕಮ್ಮನ ಮದುವೆಯಂದು. ಅಂಗಳದ ತುಂಬ ಚಪ್ಪರ. ಕಾಂಪೌಂಡಿನ ಆಚೆ ಗೇರುಮರದ ಕೆಳಗೆ ಅವಳ ಅಪ್ಪ ಡೋಲು ಬಡಿಯುತ್ತಿದ್ದರು. ಮದುವೆಗೆ, ಕೋಲಕ್ಕೆ, ಕಂಬಳಕ್ಕೆ ಕರೆದಾಗ ಕೊರಗರು ಬಂದು ಡೋಲು ಬಡಿಯಲೇಬೇಕಿತ್ತು. ಅದು ಅವರ ಇಷ್ಟವಲ್ಲ, ಕಟ್ಟಳೆ. ಅಜಲು ಅನ್ನುತ್ತಿದ್ದರು ಅದಕ್ಕೆ. ಕಂಬಳದ ಹಿಂದಿನ ರಾತ್ರಿ ನಿದ್ದೆ ಬಿಟ್ಟು ಗದ್ದೆ ಕಾಯುವುದು, ಕೋಣಗಳಿಗಿಂತ ಮೊದಲು ಆ ಕೆಸರಿನಲ್ಲಿ ಓಡುವುದು ಅದರಲ್ಲಿ ಸೇರಿತ್ತು. ಇನ್ನೂ ಹೀನವಾದದ್ದೊಂದಿತ್ತು. ಕಾಯಿಲೆಯ ದೋಷ ದಾಟಿಸಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು. ಇದು ಪುರಾಣವಲ್ಲ, ಇದನ್ನು ನಿಲ್ಲಿಸಲು ಕರ್ನಾಟಕ ಸರಕಾರ 2000ರಲ್ಲಿ ಅಜಲು ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಅದಕ್ಕೂ ಹಿಂದೆ, ರಸ್ತೆಯಲ್ಲಿ ಉಗುಳಬಾರದೆಂದು ಕುತ್ತಿಗೆಗೆ ಅಂಡೆ ಕಟ್ಟಿಕೊಂಡು ನಡೆಯಬೇಕಾಗಿದ್ದ ಕೊರಗರಿದ್ದರು. ಅಂಡೆ ಕೊರಗ ಎಂದು ಅವರಿಗೆ ಹೆಸರೇ ಬಿದ್ದಿತ್ತು. ಅಮೆರಿಕದಲ್ಲಿ ಬಣ್ಣ ನೋಡಿ ಮಾಡಿದ್ದನ್ನು ನಾವು ಹುಟ್ಟು ನೋಡಿ ಮಾಡಿದೆವು. ಅಲ್ಲಿ ಕಣ್ಣಿಗೆ ಗೊತ್ತಾಗುತ್ತಿತ್ತು. ನಮಗೆ ಗುರುತು ಹಿಡಿಯಲು ಒಂದು ಅಂಡೆ ಬೇಕಾಯಿತು.

ಎರಡನೇ ಪಂಕ್ತಿ ಎದ್ದಿತ್ತು. ಎಂಜಲೆಲೆಗಳನ್ನು ಬುಟ್ಟಿಯಲ್ಲಿ ಹೊತ್ತು ಹಿತ್ತಿಲ ಗುಂಡಿಯ ಹತ್ತಿರ ಸುರಿಯುತ್ತಿದ್ದರು. ನಾನು ಹೊಸ ಲಂಗ ಹಾಕಿಕೊಂಡು, ಕೈಯಲ್ಲಿ ಲಾಡು ಹಿಡಿದು, ಸುಮ್ಮನೆ ಆ ಕಡೆ ಓಡಿ ಹೋದೆ. ಅವಳು ಅಮ್ಮನ ಜೊತೆ ಕುಕ್ಕುರುಗಾಲಿನಲ್ಲಿ ಕೂತು ಎಲೆಗಳನ್ನು ಬಿಡಿಸುತ್ತಿದ್ದಳು. ಅನ್ನ ಒಂದು ಕಡೆ, ಹೋಳಿಗೆಯ ಚೂರು ಒಂದು ಕಡೆ, ಬಹಳ ಅಚ್ಚುಕಟ್ಟಾಗಿ, ಗಣಿತ ಮಾಡುವಾಗ ಇರುತ್ತಿದ್ದ ಅದೇ ಮುಖದಲ್ಲಿ. ತಲೆಯೆತ್ತಿದಳು. ನನ್ನನ್ನು ನೋಡಿದಳು. ನನ್ನ ಹಿಂದೆ ಅತ್ತೆಯ ಮಗಳು ಬಂದು, "ನಿಂಗೆ ಅವಳು ಗೊತ್ತುಂಟಾ?" ಎಂದು ಕೇಳಿದಳು.

ಇಲ್ಲ ಅಂದೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಅವಳು ಬಂದಳು. ನನ್ನ ಜೊತೆ ನಡೆಯಲಿಲ್ಲ. ತಿರುವಿನ ಆಚೆಯೂ ಹತ್ತು ಹೆಜ್ಜೆ ಹಿಂದೆ. ನಾನು ನಿಂತರೆ ಅವಳೂ ನಿಲ್ಲುತ್ತಿದ್ದಳು. ಆ ವರ್ಷ ದೀಪಾವಳಿಯ ನಂತರ ಶಾಲೆಗೆ ಬರುವುದೂ ನಿಂತಿತು. ನಾನು ಯಾಕೆಂದು ಕೇಳಲಿಲ್ಲ, ಯಾರೂ ಕೇಳಲಿಲ್ಲ; ಮಾಸ್ತರರು ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಎಳೆದರು.

ಮುಂದೆ ನಾನು ಓದಿ ಟೀಚರ್ ಆದೆ. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟೆ. ಆ ಕಾದಂಬರಿ ಬಂದದ್ದು 1933ರಲ್ಲಿ, ಕ್ಯಾಸಿಯ ಕತೆ ನಡೆಯುವ ಅದೇ ವರ್ಷ ಎಂದು ಈಗ ಹೊಳೆಯಿತು. ಮಿಸಿಸಿಪಿಯ ಲೋಗನ್ ಭೂಮಿ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾಗ, ನಮ್ಮ ಚೋಮ ಒಂದು ತುಂಡು ಭೂಮಿ ಬೇಸಾಯಕ್ಕೆ ಸಿಕ್ಕೀತೇ ಎಂದು ಎತ್ತು ಕಟ್ಟಿಕೊಂಡು ಕಾದ. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸಿತ್ತು. ಅವನ ಮುದಿ ತಾಯಿ ಬೇಡವೆಂದಳು. ಪಾಠ ಮಾಡುವಾಗಲೆಲ್ಲ ಆ ತಾಯಿಯನ್ನು ನಮ್ಮ ಅಜ್ಜಿ ಎಂದುಕೊಳ್ಳುತ್ತಿದ್ದೆ, ತಪ್ಪನ್ನು ಅವರ ತಲೆಗೆ ಕಟ್ಟಿ ಹಗುರಾಗುತ್ತಿದ್ದೆ. ಸಂಕಪ್ಪಯ್ಯನ ಕಡೆ ನೋಡಲೇ ಇಲ್ಲ. ಮನಸ್ಸಿದ್ದೂ ಸುಮ್ಮನಾದವನು ಅವನು. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ನಿಂತವರಿಗೂ ಕಣ್ಣಿತ್ತು, ಕೈಯಿತ್ತು.

ಭೂಮಿಯ ಮಾತು ಬಂತು. 1974ರ ಭೂಸುಧಾರಣೆಯಲ್ಲಿ ನಮ್ಮ ಗದ್ದೆಯ ಬಹುಪಾಲು ಒಕ್ಕಲುಗಳಿಗೆ ಹೋಯಿತು. ನ್ಯಾಯವಾಗಿಯೇ ಹೋಯಿತು. ಆದರೆ ಕೊರಗರು ಯಾರ ಒಕ್ಕಲೂ ಆಗಿರಲಿಲ್ಲ; ಒಕ್ಕಲು ಮಾಡಲು ಅವರಿಗೆ ಯಾರೂ ಗದ್ದೆ ಕೊಟ್ಟಿರಲಿಲ್ಲ. ಅರ್ಜಿ ಹಾಕಲು ಅವರ ಬಳಿ ಏನಿತ್ತು? ಮುಂದೆ ಕೊರಗರ ಸ್ಥಿತಿಯ ಬಗ್ಗೆ ಬಂದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದಿತು. ಅದನ್ನು ಜಾರಿ ಮಾಡಿ ಎಂದು ಅವರು ಈಗಲೂ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುತ್ತಾರೆ. ಒಂದು ಕಾಲದಲ್ಲಿ ಹುಬಾಶಿಕನೆಂಬ ತಮ್ಮ ಅರಸ ಈ ನಾಡನ್ನೇ ಆಳಿದ್ದ ಎಂಬ ಐತಿಹ್ಯವಿರುವ ಜನ ಅವರು.

ಇದೇ ಊರಿನಲ್ಲಿ ಕೊರಗಜ್ಜ ಎಂಬ ದೈವದ ಕಟ್ಟೆಯಿಲ್ಲದ ಬೀದಿ ಈಗ ಕಡಿಮೆ. ಮೊಬೈಲ್ ಕಳೆದರೂ, ಕೆಲಸ ಸಿಗದಿದ್ದರೂ, ಅಜ್ಜನಿಗೆ ಚಕ್ಕುಲಿ, ವೀಳ್ಯ, ಕಳ್ಳು ಹೇಳಿಕೊಳ್ಳುತ್ತೇವೆ, ನಾನೂ ಹೇಳಿಕೊಂಡಿದ್ದೇನೆ. ತುಳು ಪಾಡ್ದನದಲ್ಲಿ ಈ ಅಜ್ಜ ತನಿಯನೆಂಬ, ತಂದೆತಾಯಿ ಇಲ್ಲದ ಕೊರಗರ ಹುಡುಗ. ಮೈಮೇಲೆ ಬಟ್ಟೆಯಿಲ್ಲದೆ ನಿಂತವನಿಗೆ ಬಟ್ಟೆ ಕೊಟ್ಟು, ಮನೆಗೆ ಕರೆದೊಯ್ದು ಸಾಕಿದವಳು ಕಳ್ಳು ಮಾರುವ ಮೈರಕ್ಕೆ ಬೈದೆದಿ. ಮುಂದೆ ದೈವಸ್ಥಾನಕ್ಕೆ ಏಳೆಂಟು ಆಳಿನ ಹೊರೆಯನ್ನು ಅವನೊಬ್ಬನೇ ಹೊತ್ತು ತರುತ್ತಾನೆ. ಹೊರೆಗೆ ಒಳಗೆ ಜಾಗವಿದೆ, ಹೊತ್ತವನಿಗಿಲ್ಲ. ಮೈರಕ್ಕೆಯೂ ಗುಡಿಯ ಹೊರಗೇ ನಿಲ್ಲಬೇಕಾದ ಜಾತಿಯವಳು, ಅವಳಿಗೆ ಕಳೆದುಕೊಳ್ಳಲು ಏನಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದ್ದ ಒಂದು ಮೆಟ್ಟಿಲೂ ಜಾರೀತೆಂಬ ಭಯ ಕೆಳಗಿನ ಮೆಟ್ಟಿಲಿನವರಿಗೇ ಹೆಚ್ಚು. ಆ ಭಯ ಬಿಟ್ಟು ಕೈ ಚಾಚಿದವಳು ಅವಳು.

ಮೇಲಿನ ಮೆಟ್ಟಿಲಿನಿಂದಲೂ ಇಳಿದು ಬಂದವರಿದ್ದರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು; ಅಸ್ಪೃಶ್ಯರ ಮಕ್ಕಳಿಗೆ ಶಾಲೆಗಳನ್ನೂ ತೆರೆದರು. ಸಾರಸ್ವತ ಬ್ರಾಹ್ಮಣ, ಅವರ ಸ್ವಂತ ಜನ ಅವರನ್ನು ಹೊರಗಿಟ್ಟರು. ಜೆರೆಮಿಯ ಕೈಯ ಬಾಸುಂಡೆಯಂತೆ ಅದು ಅವರು ತೆತ್ತ ಬೆಲೆ. ದಲಿತರ ಮಗುವೊಂದು ಕಲಿತು, ಕೆಲಸಕ್ಕೆ ಸೇರಿ, ವಾಹನದಲ್ಲಿ ಹೋಗುವಾಗ ಅದರ ಧೂಳು ತನ್ನ ತಲೆಗೆ ಬೀಳಬೇಕು, ಆಗ ತನ್ನ ಜನ್ಮ ಸಾರ್ಥಕ ಎಂದು ಅವರು ಬಯಸಿದ್ದರು. 1928ರಲ್ಲಿ ತೀರಿಕೊಂಡರು. ಪುರಭವನಕ್ಕೆ ಅವರ ಹೆಸರಿದೆ. ಆ ಧೂಳಿನ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಭಾಷಣಗಳಲ್ಲಿ ಹೇಳಿದ್ದೇನೆ. ಕರಿಯ ಮಕ್ಕಳ ಮೇಲೆ ಧೂಳೆಬ್ಬಿಸಿ ಹೋಗುವ ಬಸ್ಸಿನ ಕತೆ ಓದಿದ ಮೇಲೆಯೇ ಅದು ನನ್ನ ಒಳಗೆ ಇಳಿದದ್ದು. ಯಾರ ವಾಹನದ ಧೂಳು ಯಾರ ತಲೆಗೆ ಎಂಬುದನ್ನೇ ಆ ಮನುಷ್ಯ ತಿರುಗಿಸಿ ಹಾಕಲು ಹೊರಟಿದ್ದರು.

ಆಗಸ್ಟ್ ಕೊನೆಗೆ ಮೊಮ್ಮಗಳು ಹಿಂದೆ ಹೋದಳು. ಹೋಗುವ ಮುಂಚೆ ಅವಳಿಗೆ ಎಲ್ಲ ಹೇಳಿದೆ, ಮದುವೆಯ ದಿನದ್ದೂ. ಅವಳು ಸಮಾಧಾನ ಹೇಳಲಿಲ್ಲ. ಮಕ್ಕಳು ಆ ವಿಷಯದಲ್ಲಿ ಪ್ರಾಮಾಣಿಕರು. "ಆಮೇಲೆ ನೀನು ಅವರನ್ನು ಹುಡುಕಿಲ್ವಾ?" ಎಂದು ಕೇಳಿದಳು.

ಜನವರಿಯಲ್ಲಿ ಹೊರಟೆ. ಬಿಕರ್ನಕಟ್ಟೆಯ ಬಾಲಯೇಸು ಕ್ಷೇತ್ರದ ವಾರ್ಷಿಕ ಹಬ್ಬದ ಸಮಯ; ದಾರಿಯುದ್ದಕ್ಕೂ ಮೇಣದಬತ್ತಿ, ಹೂವು, ಕಡಲೆ ಮಾರುವವರು, ಎಲ್ಲ ಜಾತಿಮತದ ಜನ. ಗುಡಿಸಲಿದ್ದಲ್ಲಿ ಈಗ ಹಂಚಿನ ಮನೆಗಳು, ಎರಡು ತಾರಸಿಯವು. ಕೇಳುತ್ತಾ ಹೋಗಿ ಒಂದು ಮನೆಯ ಮುಂದೆ ನಿಂತೆ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು ಕೆಲಸಕ್ಕೆ ಹೊರಡುತ್ತಿದ್ದಳು. ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಮಗಳು. ಹಣೆ ಅದೇ. ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು ಅಂದಳು. ಒಳಗೆ ಕೂರಿಸಿದಳು. ನೀರು ಕೊಟ್ಟಳು, ಕುಡಿದೆ. ಅವಳು ನನ್ನ ಕೈಯ ಲೋಟವನ್ನೇ ನೋಡುತ್ತಿದ್ದಳು ಎಂದು ನನಗೆ ಗೊತ್ತಾಯಿತು.

ನಾನು ಯಾರೆಂದು ಹೇಳಿದೆ. ಶಾಲೆ, ದಾರಿ, ಗಣಿತ, ಪೆನ್ಸಿಲ್ ಹಾಕುವ ಕುರುವೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಅಮ್ಮ ಶಾಲೆಯ ವಿಷಯ ಹೇಳ್ತಿದ್ರು ಟೀಚರೇ. ಹಕ್ಕಿ ಕೂಗು ಎಲ್ಲ ನಮಗೂ ಕಲಿಸಿದ್ದಾರೆ. ನಿಮ್ಮ ವಿಷಯ..." ಎಂದು ನಿಲ್ಲಿಸಿ, ನನ್ನ ಮನಸ್ಸು ನೋಯಬಾರದೆಂದು ಮಾತು ಹುಡುಕಿ, ಸಿಗದೆ, "ಇಲ್ಲ, ಹೇಳಿಲ್ಲ" ಅಂದಳು.

ಕೇಳಬೇಕೆಂದುಕೊಂಡು ಬಂದ ಕ್ಷಮೆಯನ್ನು ಇವಳ ಹತ್ತಿರ ಕೇಳುವುದು ಹೇಗೆ? ಕೆಲಸಕ್ಕೆ ಹೊತ್ತಾಗಿತ್ತು ಅವಳಿಗೆ. ಅಂಗಳದಲ್ಲಿ ಒಬ್ಬ ಹುಡುಗ ಅವಳಿಗೆ ಏನೋ ಹೇಳಿದ, ಅವಳು ಉತ್ತರ ಕೊಟ್ಟಳು, ಕೊರಗ ಭಾಷೆ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಮೂರು ವರ್ಷ ಜೊತೆಯಲ್ಲಿ ನಡೆದಾಗ ಅವಳ ಅಮ್ಮ ನನ್ನ ಜೊತೆ ತುಳು ಮಾತಾಡಿದ್ದಳು, ಶಾಲೆಯ ಕನ್ನಡ ಮಾತಾಡಿದ್ದಳು. ಮನೆಯಲ್ಲಿ ನೀವು ಏನು ಮಾತಾಡುತ್ತೀರಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅವಳು ಸ್ಕೂಟರ್ ಸ್ಟಾರ್ಟ್ ಮಾಡಿದಳು. "ಬಿಸಿಲುಂಟು, ಕೈಕಂಬದ ತನಕ ಬಿಡ್ತೇನೆ. ಬನ್ನಿ ಟೀಚರೇ."

ಹಿಂದೆ ಹತ್ತಿ ಕೂತೆ. ಕೈ ಎಲ್ಲಿಡುವುದೆಂದು ತಿಳಿಯದೆ ಸೀಟಿನ ಅಂಚು ಹುಡುಕುತ್ತಿದ್ದೆ.

"ಹೆಗಲು ಹಿಡ್ಕೊಳ್ಳಿ," ಅಂದಳು. "ಇಲ್ಲಿ ರಸ್ತೆ ಸರಿ ಇಲ್ಲ."